ಬ್ರೇಕಿನ ಜೀವ ಒಂದು ರಬ್ಬರ್ ಉಂಗುರದಲ್ಲಿ

ಸರಕು ಗಾಡಿಯ ಡಿಸ್ಕ್ ಬ್ರೇಕ್ ಕ್ಯಾಲಿಪರ್ ಬಿಚ್ಚಿ, ದುರಸ್ತಿ ಮಾಡಿ, ಮತ್ತೆ ಕೂಡಿಸುವ ಕ್ರಮ



ತೊಗರಿ ರಾಶಿ ಬರುವ ಮೊದಲು ನೀವು ಕಣ ಸಾರಿಸುತ್ತೀರಿ, ಹರಿದ ಚೀಲ ಹೊಲಿಸುತ್ತೀರಿ, ತಾಡಪತ್ರಿ ಬಿಡಿಸಿ ನೋಡುತ್ತೀರಿ. ಆದರೆ ಅದೇ ರಾಶಿಯನ್ನು ಕಲಬುರಗಿಯ ನೆಹರೂ ಗಂಜಿಗೆ ಹೊತ್ತೊಯ್ಯುವ ಗಾಡಿಯ ಬ್ರೇಕನ್ನು ಬಿಚ್ಚಿ ನೋಡುವವರು ವಿರಳ. ಪೆಡಲ್ ಒತ್ತಿದರೆ ಗಾಡಿ ನಿಲ್ಲುತ್ತದೆ, ಮತ್ತೇನು ನೋಡುವುದು ಎಂಬ ಭಾವನೆ.

ಬೆಳೆಗೆ ಗೊಬ್ಬರ, ಔಷಧಿ ಹೇಳಬೇಕಾದವನು ಬ್ರೇಕಿನ ಮಾತನ್ನೇಕೆ ಎತ್ತಿದ ಎಂದು ಕೇಳಬೇಡಿರಿ. ಬೆಳೆ ಹೊಲದಲ್ಲಿ ಬಂದರೆ ಸಾಲದು, ಪೇಟೆ ಮುಟ್ಟಬೇಕು. ಅದನ್ನು ಒಯ್ದವರು ಸಂಜೆಗೆ ಮನೆ ಮುಟ್ಟಬೇಕು.

ಕಮಲಾಪುರ ಭಾಗದ ರೈತರೊಬ್ಬರು ಒಂದು ಬೇಸಿಗೆಯಲ್ಲಿ ಕೆಂಪು ಬಾಳೆಯ ಗೊನೆಗಳನ್ನು ತಮ್ಮ ಪಿಕಪ್ ಗಾಡಿಯಲ್ಲಿ ಹೇರಿಕೊಂಡು ಕಲಬುರಗಿಗೆ ಹೊರಟಿದ್ದರು. ಮಗ ಪಕ್ಕದಲ್ಲಿ ಕುಳಿತಿದ್ದ. ಮಹಾಗಾಂವ ಕ್ರಾಸ್ ದಾಟುವ ಹೊತ್ತಿಗೆ ನಡೆದದ್ದನ್ನು ಅವರೇ ನನಗೆ ಹೇಳಿದರು: "ಗಾಡಿ ಯಾಕೋ ಎಳೀಲಾರದಂಗ ಆಗಿತ್ರಿ ಸಾಹೇಬ್ರ. ಸುಟ್ಟ ವಾಸನಿ ಬರ್ಲಿಕತ್ತಿತ್ತು. ಬಿಸಿಲಿಗಿ ಟಾಯರ್ ಕಾದಾವ ಅಂದ್ಕೊಂಡೆ. ಮುಂದ ಇಳಿಜಾರಿನ್ಯಾಗ ಪೆಡಲ್ ಒತ್ತಿದ್ರ ನೆಲಕ್ಕ ಹತ್ತಿ ಹೋತು." ಗೇರು ಇಳಿಸಿ, ಹ್ಯಾಂಡ್ ಬ್ರೇಕ್ ಎಳೆದು, ರಸ್ತೆಯ ಬದಿಯ ಖಾಲಿ ಹೊಲಕ್ಕೆ ಗಾಡಿ ಇಳಿಸಿದ್ದರಿಂದ ಇಬ್ಬರೂ ಉಳಿದರು. ಬಾಳೆ ಅಲ್ಲಿಯೇ ಬಿಸಿಲಿನಲ್ಲಿ ಬೆಂದಿತು.

ಆಶ್ಚರ್ಯವೆಂದರೆ, ಒಂದು ತಾಸಿನ ನಂತರ ಒತ್ತಿ ನೋಡಿದಾಗ ಪೆಡಲ್ ಮೊದಲಿನಂತೆಯೇ ಗಟ್ಟಿಯಾಗಿತ್ತು! ಕಾರಣವನ್ನು ನಗರದ ಮಿಸ್ತ್ರಿಯೊಬ್ಬರು ಬಿಚ್ಚಿ ತೋರಿಸಿದರು. ಹಿಂದಿನ ವಾರ ಬ್ರೇಕ್ ಆಯಿಲ್ ಕಡಿಮೆಯಾಗಿದೆ ಎಂದು ಮನೆಯಲ್ಲಿದ್ದ ಎಂಜಿನ್ ಆಯಿಲನ್ನು ಆ ಡಬ್ಬಿಗೆ ಸುರಿಯಲಾಗಿತ್ತು. "ಎಣ್ಣಿ ಎಲ್ಲಾ ಒಂದೇ ಅಂತ ತಿಳ್ಕೊಂಡಿದ್ದೆ" ಎಂದರು ರೈತರು. ಒಳಗಿನ ರಬ್ಬರ್ ಸೀಲುಗಳು ನೀರಿನಲ್ಲಿ ನೆನೆದ ಕಡಲೆಯಂತೆ ಉಬ್ಬಿದ್ದವು. ಉಬ್ಬಿದ ಸೀಲು ದ್ರವವನ್ನು ಹಿಂದಕ್ಕೆ ಬಿಡಲಿಲ್ಲ. ಕಾಲು ತೆಗೆದರೂ ಬ್ರೇಕು ಹಿಡಿದೇ ಇತ್ತು. ಹಿಡಿದ ಬ್ರೇಕು ಕಾದಿತು, ದ್ರವ ಕುದಿಯಿತು, ಪೆಡಲ್ ಕುಸಿಯಿತು. ಆರಿದ ಮೇಲೆ ಮತ್ತೆ ಸರಿಹೋಯಿತು. ಬಿಚ್ಚಿ ನೋಡದಿದ್ದರೆ ಅವರು ಇದೇ ಗಾಡಿಯನ್ನು ಮರುದಿನ ಮತ್ತೆ ರಸ್ತೆಗೆ ತರುತ್ತಿದ್ದರು.

ಕ್ಯಾಲಿಪರ್ ಎಂದರೇನು?

ಮುಂದಿನ ಗಾಲಿಯೊಡನೆ ಒಂದು ಕಬ್ಬಿಣದ ತಟ್ಟೆ ತಿರುಗುತ್ತಿರುತ್ತದೆ. ಅದೇ ಡಿಸ್ಕು. ಅದನ್ನು ಎರಡೂ ಕಡೆಯಿಂದ ಇಕ್ಕಳದಂತೆ ಹಿಡಿಯುವ ಭಾಗವೇ ಕ್ಯಾಲಿಪರ್. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲಿಯೇ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದಿದ್ದರು. ಇಂದು ಬಹುಪಾಲು ಪಿಕಪ್, ಜೀಪು, ಕಾರುಗಳ ಮುಂದಿನ ಗಾಲಿಗಳಲ್ಲಿಯೂ ಅನೇಕ ಮೋಟಾರ್ ಸೈಕಲ್ಲುಗಳಲ್ಲಿಯೂ ಇದೇ ಇದೆ.

ನೀವು ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರಿನಿಂದ ದ್ರವ ಒತ್ತಡದಲ್ಲಿ ಬಂದು ಕ್ಯಾಲಿಪರಿನ ಒಳಗಿನ ಪಿಸ್ಟನ್ನನ್ನು ತಳ್ಳುತ್ತದೆ. ಪಿಸ್ಟನ್ ಒಳಬದಿಯ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಆಗ ಕ್ಯಾಲಿಪರಿನ ಇಡೀ ಒಡಲು ತನ್ನ ಎರಡು ಪಿನ್ನುಗಳ ಮೇಲೆ ಹಿಂದಕ್ಕೆ ಜಾರಿ ಹೊರಬದಿಯ ಪ್ಯಾಡನ್ನೂ ಎಳೆದು ಒತ್ತುತ್ತದೆ.

ಇನ್ನು ಪಿಸ್ಟನ್ ಹಿಂದಕ್ಕೆ ಬರುವುದು ಹೇಗೆ? ಅಲ್ಲಿ ಸ್ಪ್ರಿಂಗ್ ಇಲ್ಲ. ಪಿಸ್ಟನ್ನಿನ ಸುತ್ತ ಕ್ಯಾಲಿಪರಿನ ಕೊರೆದ ಗಾಡಿಯಲ್ಲಿ ಒಂದು ಚೌಕ ಅಂಚಿನ ರಬ್ಬರ್ ಉಂಗುರ ಕೂತಿರುತ್ತದೆ. ಪಿಸ್ಟನ್ ಮುಂದೆ ಹೋಗುವಾಗ ಈ ಉಂಗುರ ಅದರೊಡನೆ ತುಸು ಬಾಗುತ್ತದೆ. ಕಾಲು ತೆಗೆದೊಡನೆ ನೆಟ್ಟಗಾಗಿ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಪ್ಯಾಡು ಸವೆದಂತೆ ಪಿಸ್ಟನ್ ಉಂಗುರವನ್ನು ದಾಟಿ ಅಷ್ಟೇ ಮುಂದೆ ಸರಿದು ನಿಲ್ಲುತ್ತದೆ. ಆದ್ದರಿಂದಲೇ ಡಿಸ್ಕ್ ಬ್ರೇಕನ್ನು ಆಗಾಗ ಬಿಗಿ ಮಾಡಬೇಕಾಗಿಲ್ಲ. ಸೋರದಂತೆ ತಡೆಯುವುದು, ಹಿಂದಕ್ಕೆ ಎಳೆಯುವುದು, ಸವೆತ ತುಂಬುವುದು, ಈ ಮೂರೂ ಕೆಲಸ ಆ ಒಂದು ಉಂಗುರದ್ದು. ಅದು ಗಟ್ಟಿಯಾದರೆ, ಉಬ್ಬಿದರೆ, ಅದರ ಸುತ್ತ ತುಕ್ಕು ಕೂತರೆ ಬ್ರೇಕು ಕೆಟ್ಟಂತೆಯೇ.

ಬ್ರೇಕ್ ಆಯಿಲ್ ಎಣ್ಣೆಯಲ್ಲ

ನಾವು ಬಾಯಿಮಾತಿಗೆ ಬ್ರೇಕ್ ಆಯಿಲ್ ಎನ್ನುತ್ತೇವೆ. ಆದರೆ ಡಾಟ್ 3, ಡಾಟ್ 4 ಎಂದು ಬರೆದ ಡಬ್ಬಿಯಲ್ಲಿರುವುದು ಗ್ಲೈಕಾಲ್ ಜಾತಿಯ ದ್ರವ. ಅದಕ್ಕೆ ತಕ್ಕ ರಬ್ಬರನ್ನೇ ಒಳಗೆ ಹಾಕಿರುತ್ತಾರೆ. ಎಂಜಿನ್ ಆಯಿಲ್, ಸ್ಟೇರಿಂಗ್ ಆಯಿಲ್, ಡೀಸೆಲ್, ಸೀಮೆಎಣ್ಣೆ ಇವುಗಳಲ್ಲಿ ಯಾವುದು ತುಸು ಬೆರೆತರೂ ಆ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಒಮ್ಮೆ ಬೆರೆಯಿತೆಂದರೆ ಬರಿಯ ದ್ರವ ಬದಲಿಸಿದರೆ ಸಾಲದು. ಮಾಸ್ಟರ್ ಸಿಲಿಂಡರಿನಿಂದ ಹಿಡಿದು ನಾಲ್ಕೂ ಗಾಲಿಯ ತನಕ ಎಲ್ಲ ರಬ್ಬರ್ ಭಾಗಗಳನ್ನೂ ಹೋಸ್ ಪೈಪುಗಳನ್ನೂ ಬದಲಿಸಬೇಕು. ಮೇಲೆ ಹೇಳಿದ ರೈತರು ಇದನ್ನೆಲ್ಲ ಮಾಡಿಸಬೇಕಾಯಿತು.

ಈ ದ್ರವಕ್ಕೆ ಇನ್ನೊಂದು ಗುಣವಿದೆ. ಮಳೆಗಾಲದ ಯೂರಿಯಾ ಚೀಲದಂತೆ ಅದು ಗಾಳಿಯಿಂದ ತೇವ ಹೀರುತ್ತದೆ. ಪ್ರಮಾಣದ ಪ್ರಕಾರ ಹೊಸ ಡಾಟ್ 3 ದ್ರವ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು. ತೇವ ಹೀರಿದ ಮೇಲೆ ಈ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಈ ಅಂಕಿಗಳು 230 ಮತ್ತು 155. ದ್ರವ ಕುದಿದು ಆವಿಯಾದರೆ ಪೆಡಲಿನ ಒತ್ತಡವೆಲ್ಲ ಆವಿಯನ್ನು ಕುಗ್ಗಿಸುವುದರಲ್ಲೇ ಮುಗಿಯುತ್ತದೆ, ಪಿಸ್ಟನ್ನಿಗೆ ಮುಟ್ಟುವುದಿಲ್ಲ. ಮೇ ತಿಂಗಳ ಬಿಸಿಲು, ಮೇಲೆ ಭಾರ, ಕೆಳಗೆ ಇಳಿಜಾರು ಇದ್ದಾಗ ಹಳೆಯ ದ್ರವ ಕೈಕೊಡುವುದು ಹೀಗೆ. ಆದ್ದರಿಂದ ಎರಡು ವರ್ಷಕ್ಕೊಮ್ಮೆ ದ್ರವ ಬದಲಿಸಿರಿ. ಡಬ್ಬಿಯ ಮುಚ್ಚಳದ ಮೇಲೆ ಯಾವ ನಂಬರು ಬರೆದಿದೆಯೋ ಅದನ್ನೇ ತನ್ನಿರಿ. ಸಣ್ಣ ಬಾಟಲಿ, ಸೀಲು ಒಡೆಯದ್ದು ಇರಲಿ. ಹಿಂದಿನ ವರ್ಷ ಒಡೆದಿಟ್ಟ ಬಾಟಲಿ ಉಪಯೋಗಕ್ಕೆ ಬಾರದು.

ರೋಗದ ಲಕ್ಷಣಗಳು

ಬೆಳೆಯ ಎಲೆ ನೋಡಿ ರೋಗ ಹೇಳುವಂತೆ ಬ್ರೇಕಿನ ರೋಗವನ್ನೂ ಹೊರಗಿನಿಂದ ಗುರುತಿಸಬಹುದು.

ಒಂದು ಗಾಲಿ ಮಾತ್ರ ಹೆಚ್ಚು ಕಾದು ಸುಟ್ಟ ವಾಸನೆ ಬಂದರೆ ಆ ಕಡೆಯ ಪಿಸ್ಟನ್ ಹಿಂದಕ್ಕೆ ಬರುತ್ತಿಲ್ಲ. ಒಳಬದಿಯ ಪ್ಯಾಡು ಸವೆದು ಹೊರಬದಿಯದು ದಪ್ಪವಾಗಿಯೇ ಇದ್ದರೆ ಜಾರುವ ಪಿನ್ನುಗಳು ಸಿಕ್ಕಿಕೊಂಡಿವೆ. ನಮ್ಮ ಎರೆಮಣ್ಣಿನ ಸೀಮೆಯಲ್ಲಿ ಈ ತೊಂದರೆ ಸಾಮಾನ್ಯ. ಮಳೆಗಾಲದಲ್ಲಿ ಮೆತ್ತಿದ ಕೆಸರು ಒಣಗಿ ಹೆಂಟೆಯಾಗಿ ಪಿನ್ನಿನ ರಬ್ಬರ್ ಟೋಪಿಯನ್ನು ಹರಿಯುತ್ತದೆ, ಅಲ್ಲಿಂದ ನೀರು ಮಣ್ಣು ಒಳಹೊಗುತ್ತವೆ. ಬ್ರೇಕ್ ಒತ್ತಿದಾಗ ಗಾಡಿ ಬಲಕ್ಕೆ ಎಳೆದರೆ ಎಡಗಾಲಿಯ ಬ್ರೇಕು ಹಿಡಿಯುತ್ತಿಲ್ಲವೆಂದು ಸಂಶಯಿಸಬೇಕು. ಪೆಡಲ್ ಸ್ಪಂಜಿನಂತೆ ಮೆತ್ತಗಿದ್ದರೆ ಒಳಗೆ ಗಾಳಿ ಸೇರಿದೆ. ಒತ್ತಿ ಹಿಡಿದಾಗ ನಿಧಾನವಾಗಿ ಇಳಿಯುತ್ತ ಹೋದರೆ ಎಲ್ಲೋ ಸೋರಿಕೆಯಿದೆ, ಇಲ್ಲವೆ ಮಾಸ್ಟರ್ ಸಿಲಿಂಡರ್ ಸವೆದಿದೆ. ಗಾಲಿಯ ಒಳಬದಿಯಲ್ಲಿ ಒದ್ದೆ ಕಂಡರೆ ಆ ದಿನ ಗಾಡಿ ಹೊರಡಿಸಕೂಡದು.

ಯಾರು ಮಾಡಬೇಕು?

ಕೈಯಲ್ಲಿ ಪಾನಾ ಹಿಡಿದು ಪಂಪ್‌ಸೆಟ್ಟು ಬಿಚ್ಚಿ ಕೂಡಿಸಿದ ಅನುಭವವಿರುವವರು ಒಬ್ಬ ತಿಳಿದವರ ಜೊತೆಗೂಡಿ ಈ ಕೆಲಸ ಮಾಡಬಹುದು. ಎ.ಬಿ.ಎಸ್. ಇರುವ ಗಾಡಿಯನ್ನೂ, ಒಂದೇ ಕ್ಯಾಲಿಪರಿನಲ್ಲಿ ಎರಡು ಅಥವಾ ಹೆಚ್ಚು ಪಿಸ್ಟನ್ ಇರುವುದನ್ನೂ ಗ್ಯಾರೇಜಿಗೇ ಒಯ್ಯಿರಿ. ಆದರೆ ಒಯ್ದು ಬಿಟ್ಟು ಚಹಾ ಕುಡಿಯಲು ಹೋಗಬೇಡಿರಿ, ಎದುರಿಗೆ ನಿಂತು ನೋಡಿರಿ. ಮುಂದೆ ಹೇಳುವ ಕ್ರಮ ಗೊತ್ತಿದ್ದರೆ, ಮಿಸ್ತ್ರಿ ಮಾಡಿದ್ದು ಸರಿಯೋ ತಪ್ಪೋ ನಿಮಗೇ ತಿಳಿಯುತ್ತದೆ.

ಬಿಚ್ಚುವ ಕ್ರಮ

ಗಾಡಿಯನ್ನು ಗಟ್ಟಿಯಾದ ಸಮನೆಲದ ಮೇಲೆ ನಿಲ್ಲಿಸಿ ಹಿಂದಿನ ಗಾಲಿಗಳಿಗೆ ಕಟ್ಟಿಗೆಯ ತುಂಡು ಒತ್ತಿರಿ. ಗಾಲಿಯ ನಟ್ಟುಗಳನ್ನು ಜಾಕ್ ಎತ್ತುವ ಮೊದಲೇ ಸಡಿಲಿಸಿರಿ. ಜಾಕ್ ಒಂದನ್ನೇ ನಂಬಿ ಗಾಡಿಯ ಕೆಳಗೆ ಕೈಹಾಕಬಾರದು, ಕಬ್ಬಿಣದ ಸ್ಟ್ಯಾಂಡ್ ಕೊಡಬೇಕು. ಇಟ್ಟಿಗೆ, ಫರ್ಶಿ ಕಲ್ಲುಗಳ ರಾಶಿ ಭಾರಕ್ಕೆ ಒಡೆಯುತ್ತದೆ. ಒಂದು ಸಲಕ್ಕೆ ಒಂದೇ ಕಡೆ ಬಿಚ್ಚಿರಿ. ಇನ್ನೊಂದು ಕಡೆ ನೋಡಿ ಕೂಡಿಸಲು ಮಾದರಿಯಾಗಿ ಇರುತ್ತದೆ. ಬಿಚ್ಚುವ ಪ್ರತಿ ಹಂತದಲ್ಲಿ ಮೊಬೈಲಿನಲ್ಲಿ ಒಂದು ಚಿತ್ರ ತೆಗೆದುಕೊಳ್ಳಿರಿ.

ಡಿಸ್ಕು ಪೂರ್ತಿ ಆರಿದ ಮೇಲೆ ಕೆಸರು ಧೂಳನ್ನು ನೀರಿನಿಂದ ತೊಳೆಯಿರಿ. ಕಾದ ಡಿಸ್ಕಿಗೆ ನೀರು ಎರಚಿದರೆ ಅದು ಸೊಟ್ಟಗಾಗುತ್ತದೆ. ಬ್ರೇಕಿನ ಧೂಳನ್ನು ಬಾಯಿಯಿಂದಾಗಲಿ, ಕಂಪ್ರೆಸರಿನಿಂದಾಗಲಿ ಊದಬಾರದು. ಹಳೆಯ ಪ್ಯಾಡುಗಳಲ್ಲಿ ಆಸ್ಬೆಸ್ಟಾಸ್ ಇರಬಹುದು, ಅದು ಶ್ವಾಸಕೋಶಕ್ಕೆ ಕೇಡು.

ಕ್ಯಾಲಿಪರಿನ ಬೋಲ್ಟು ಬಿಚ್ಚಿ, ಅದನ್ನು ತಂತಿಯಿಂದ ಮೇಲಕ್ಕೆ ಕಟ್ಟಿರಿ. ಹೋಸ್ ಪೈಪಿನ ಮೇಲೆ ಅದರ ಭಾರ ಬೀಳಬಾರದು. ಪ್ಯಾಡುಗಳನ್ನು ತೆಗೆಯಿರಿ. ಈಗ ಪಿಸ್ಟನ್ ಹೊರಬರಬೇಕು. ಅದರ ಎದುರಿಗೆ ಮೆತ್ತನೆಯ ಮರದ ತುಂಡು ಇಟ್ಟು, ಒಬ್ಬರು ಪೆಡಲನ್ನು ಬಹಳ ನಿಧಾನವಾಗಿ ಒತ್ತಲಿ. ಪಿಸ್ಟನ್ ಸಡಿಲಾದೊಡನೆ ಒತ್ತುವುದನ್ನು ನಿಲ್ಲಿಸಿ, ಕೆಳಗೆ ಪಾತ್ರೆ ಇಟ್ಟು ಹೋಸ್ ಬಿಚ್ಚಿ, ಪಿಸ್ಟನ್ನನ್ನು ಕೈಯಿಂದ ಎಳೆದುಕೊಳ್ಳಿರಿ. ಹೋಸಿನ ಬಾಯಿ ಮುಚ್ಚಿಡಿರಿ. ಕಂಪ್ರೆಸರಿನ ಗಾಳಿ ಹಿಡಿದು ಪಿಸ್ಟನ್ ಹಾರಿಸುವವರಿದ್ದಾರೆ. ಅದು ಗುಂಡಿನಂತೆ ಬರುತ್ತದೆ, ನಡುವೆ ಸಿಕ್ಕ ಬೆರಳು ಉಳಿಯುವುದಿಲ್ಲ.

ತೊಳೆದು ನೋಡುವುದು

ಹೊರಗಿನ ಧೂಳುತಡೆ ರಬ್ಬರನ್ನೂ ಒಳಗಿನ ಚೌಕ ಉಂಗುರವನ್ನೂ ಬಿದಿರಿನ ಕಡ್ಡಿಯಿಂದ ಎಬ್ಬಿಸಿ ತೆಗೆಯಿರಿ. ಸ್ಕ್ರೂಡ್ರೈವರ್ ಹಾಕಿದರೆ ಉಂಗುರ ಕೂಡುವ ಗಾಡಿಗೆ ಗೀರು ಬೀಳುತ್ತದೆ. ಎಲ್ಲ ಭಾಗಗಳನ್ನು ಬ್ರೇಕ್ ಕ್ಲೀನರ್, ಸ್ಪಿರಿಟ್ ಅಥವಾ ಹೊಸ ಬ್ರೇಕ್ ದ್ರವದಿಂದಲೇ ತೊಳೆಯಬೇಕು. ಪೆಟ್ರೋಲು, ಡೀಸೆಲ್, ಸೀಮೆಎಣ್ಣೆ ಮುಟ್ಟಿಸಕೂಡದು. ಗಾಡಿಯೊಳಗೆ ಕೂತ ಕಿಟ್ಟವನ್ನು ಪೂರ್ತಿ ತೆಗೆಯಿರಿ. ಅದು ಉಳಿದರೆ ಹೊಸ ಉಂಗುರವೂ ಬಿಗಿಯಾಗಿ ಪಿಸ್ಟನ್ನನ್ನು ಹಿಡಿದುಬಿಡುತ್ತದೆ.

ಈ ಬಗೆಯ ಕ್ಯಾಲಿಪರಿನಲ್ಲಿ ಉಂಗುರ ಒತ್ತಿ ಕೂಡುವುದು ಪಿಸ್ಟನ್ನಿನ ಮೈಗೆ. ಆದ್ದರಿಂದ ಆ ಮೈ ಕನ್ನಡಿಯಂತಿರಬೇಕು. ಉಗುರು ಎಳೆದು ನೋಡಿರಿ. ತಡೆದರೆ, ತುಕ್ಕಿನ ಕುಳಿ ಕಂಡರೆ, ಹೊಳಪಿನ ಲೇಪ ಎದ್ದಿದ್ದರೆ ಪಿಸ್ಟನ್ ಹೊಸದೇ ಬೇಕು. ಎಮರಿ ಕಾಗದದಿಂದ ಉಜ್ಜಿದರೆ ಉಳಿದ ಲೇಪವೂ ಹೋಗಿ ಒಂದೇ ಮಳೆಗಾಲದಲ್ಲಿ ಮತ್ತೆ ತುಕ್ಕು ಹಿಡಿಯುತ್ತದೆ. ಉಂಗುರದ ಗಾಡಿಯೇ ತುಕ್ಕಿನಿಂದ ತಿಂದುಹೋಗಿದ್ದರೆ ಇಡೀ ಕ್ಯಾಲಿಪರ್ ಬದಲಿಸತಕ್ಕದ್ದು. ಹೋಸ್ ಪೈಪನ್ನು ಬಾಗಿಸಿ ನೋಡಿರಿ. ಬಿರುಕು, ಉಬ್ಬು ಇದ್ದರೆ ಅದೂ ಹೊಸದು. ಡಿಸ್ಕಿನ ಕನಿಷ್ಠ ದಪ್ಪ ಎಷ್ಟಿರಬೇಕೆಂದು ಸಾಮಾನ್ಯವಾಗಿ ಅದರ ಮೇಲೆಯೇ ಅಚ್ಚೊತ್ತಿರುತ್ತದೆ. ಅದಕ್ಕಿಂತ ತೆಳುವಾಗಿದ್ದರೆ ಉಳಿಸಿಕೊಳ್ಳಬೇಡಿರಿ.

ಕೂಡಿಸುವ ಕ್ರಮ

ಕೈ ತೊಳೆದು, ಶುಭ್ರ ಬಟ್ಟೆ ಹಾಸಿ ಕೆಲಸ ಮಾಡಿರಿ. ಒಂದು ಹರಳು ಮರಳು ಸಾಕು, ಸೋರಿಕೆ ಆರಂಭವಾಗಲು. ನಿಮ್ಮ ಗಾಡಿಯ ಮಾದರಿಗೆ ಸರಿಯಾದ ಕ್ಯಾಲಿಪರ್ ಕಿಟ್ಟಿನ ಹೊಸ ಉಂಗುರವನ್ನು ಹೊಸ ಬ್ರೇಕ್ ದ್ರವದಲ್ಲಿ ಅದ್ದಿ, ತಿರುಚದಂತೆ ಬೆರಳಿನಿಂದ ಗಾಡಿಯಲ್ಲಿ ಕೂಡಿಸಿರಿ. ಪಿಸ್ಟನ್ನಿಗೂ ಅದೇ ದ್ರವ ಸವರಿ ಎರಡು ಹೆಬ್ಬೆರಳುಗಳಿಂದ ನೇರವಾಗಿ ಒತ್ತಿರಿ. ಓರೆಯಾಗಿ ಸಿಕ್ಕಿದರೆ ಹೊರತೆಗೆದು ಮತ್ತೆ ಇಡಿರಿ. ಸುತ್ತಿಗೆಯಿಂದ ಬಡಿಯಕೂಡದು. ಧೂಳುತಡೆ ರಬ್ಬರ್ ಅದರ ಅಂಚಿನಲ್ಲಿ ಸುತ್ತಲೂ ಕೂತಿದೆಯೇ ನೋಡಿರಿ.

ಜಾರುವ ಪಿನ್ನುಗಳನ್ನು ಒರೆಸಿ ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್ ಹಚ್ಚಿರಿ. ಬೇರಿಂಗಿಗೆ ತುಂಬುವ ಸಾಮಾನ್ಯ ಗ್ರೀಸು ಇಲ್ಲಿಯೂ ರಬ್ಬರನ್ನು ಉಬ್ಬಿಸುತ್ತದೆ. ಪಿನ್ನು ಕೈಯಿಂದ ತಳ್ಳಿದರೆ ಸಲೀಸಾಗಿ ಸರಿಯಬೇಕು. ಪ್ಯಾಡು ಬದಲಿಸುವುದಾದರೆ ಎಡ ಬಲ ಎರಡೂ ಗಾಲಿಗೆ ಒಟ್ಟಿಗೆ ಬದಲಿಸಿರಿ. ಒಂದು ಎತ್ತು ಬಲಿತದ್ದು, ಒಂದು ಸೊರಗಿದ್ದು ಆದರೆ ಬಂಡಿ ಓರೆಯಾಗುವುದಿಲ್ಲವೇ? ಇಲ್ಲಿಯೂ ಹಾಗೆಯೇ. ಪ್ಯಾಡಿಗೆ, ಡಿಸ್ಕಿಗೆ ಜಿಡ್ಡು ತಾಗಬಾರದು.

ಎರಡೂ ಕ್ಯಾಲಿಪರ್ ಬಿಚ್ಚಿದವರು ಎಡದ್ದು ಬಲಕ್ಕೆ ಹಾಕಿಬಿಡುವುದುಂಟು. ಗಾಳಿ ತೆಗೆಯುವ ನಿಪ್ಪಲ್ ಮೇಲ್ಗಡೆ ಇರಬೇಕು. ಕೆಳಗಡೆ ಬಂದರೆ ಅದಲುಬದಲಾಗಿದೆ ಎಂದು ತಿಳಿಯಿರಿ. ಹಾಗೆ ಕೂತರೆ ಗಾಳಿ ಮೇಲೆಯೇ ಉಳಿದು ಎಷ್ಟು ಒತ್ತಿದರೂ ಹೊರಬಾರದು. ಹೋಸಿನ ಬೋಲ್ಟಿನ ಎರಡು ಬದಿಯ ತಾಮ್ರದ ವಾಶರ್ ಹೊಸದಿರಲಿ. ಬೋಲ್ಟುಗಳನ್ನು ಗಾಡಿಯ ಪುಸ್ತಕದಲ್ಲಿ ಹೇಳಿದ ಬಿಗಿತಕ್ಕೆ ಟಾರ್ಕ್ ಪಾನಾದಿಂದ ಬಿಗಿಯಿರಿ. ಹೋಸು ತಿರುಚಿಕೊಂಡಿರಬಾರದು, ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಟಾಯರಿಗೆ ತಾಗಬಾರದು.

ಗಾಳಿ ತೆಗೆಯುವುದು

ಪಂಪ್‌ಸೆಟ್ಟಿನ ಪೈಪಿನಲ್ಲಿ ಗಾಳಿ ಸೇರಿದರೆ ನೀರು ಎತ್ತದು ಎಂಬುದು ನಿಮಗೆ ಗೊತ್ತು. ಬ್ರೇಕಿನದೂ ಅದೇ ಕತೆ. ನಿಪ್ಪಲ್ಲಿಗೆ ಪಾರದರ್ಶಕ ನಳಿಕೆ ಸೇರಿಸಿ, ಅದರ ತುದಿ ಸ್ವಲ್ಪ ಹೊಸ ದ್ರವವಿರುವ ಬಾಟಲಿಯಲ್ಲಿ ಮುಳುಗಿರಲಿ. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು. ಇನ್ನೊಬ್ಬರು ನಿಪ್ಪಲ್ ತುಸು ಸಡಿಲಿಸಿ, ದ್ರವ ಗುಳ್ಳೆಗಳು ಬಂದ ಮೇಲೆ ಬಿಗಿಯಬೇಕು. ಬಿಗಿದೆನೆಂದು ಹೇಳಿದ ಮೇಲೆಯೇ ಕಾಲು ತೆಗೆಯಬೇಕು, ಮೊದಲೇ ತೆಗೆದರೆ ಗಾಳಿ ಮತ್ತೆ ಒಳಗೆ. ಗುಳ್ಳೆ ನಿಲ್ಲುವ ತನಕ, ತಿಳಿ ದ್ರವ ಬರುವ ತನಕ ಹೀಗೆ ಮಾಡಿರಿ. ನಡುನಡುವೆ ಮೇಲಿನ ಡಬ್ಬಿ ಬರಿದಾಗದಂತೆ ತುಂಬುತ್ತಿರಿ. ಪುಸ್ತಕದಲ್ಲಿ ಬೇರೆ ಹೇಳಿರದಿದ್ದರೆ ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಗಾಲಿಯಿಂದ ಆರಂಭಿಸುವುದು ರೂಢಿ: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ.

ಹೊರಬಂದ ದ್ರವವನ್ನು ಮತ್ತೆ ಬಳಸಕೂಡದು. ಅದು ವಿಷ. ಮಕ್ಕಳ ಕೈಗೆ ಸಿಗುವಂತೆ ನೀರಿನ ಬಾಟಲಿಯಲ್ಲಿ ಇಡಬೇಡಿರಿ, ಬಾವಿ ಕಾಲುವೆಗಳ ಬಳಿ ಚೆಲ್ಲಬೇಡಿರಿ. ಗಾಡಿಯ ಬಣ್ಣದ ಮೇಲೆ ಬಿದ್ದರೆ ಕೂಡಲೇ ನೀರಿನಿಂದ ತೊಳೆಯಿರಿ.

ಮೊದಲ ಓಟ

ಬಹಳ ಜನ ತಪ್ಪುವುದು ಇಲ್ಲಿ. ಪಿಸ್ಟನ್ ಹಿಂದಕ್ಕೆ ಒತ್ತಿ ಕೂಡಿಸಿರುವುದರಿಂದ ಮೊದಲ ಒತ್ತಿಗೆ ಪೆಡಲ್ ನೆಲ ಮುಟ್ಟುತ್ತದೆ. ಗಾಡಿ ಚಾಲೂ ಮಾಡುವ ಮೊದಲೇ ಅದು ಗಟ್ಟಿಯಾಗುವ ತನಕ ಹಲವು ಸಲ ಒತ್ತಬೇಕು. ನಂತರ ಒಂದು ನಿಮಿಷ ಬಲವಾಗಿ ಒತ್ತಿ ಹಿಡಿಯಿರಿ. ಇಳಿಯಬಾರದು, ಎಲ್ಲಿಯೂ ಒದ್ದೆಯಾಗಬಾರದು. ಖಾಲಿ ಗಾಡಿಯನ್ನು ಜನರಿಲ್ಲದ ಸಮದಾರಿಯಲ್ಲಿ ನಿಧಾನವಾಗಿ ಓಡಿಸಿ ಹತ್ತಾರು ಸಲ ನಿಲ್ಲಿಸಿರಿ. ಇಳಿದು ಎರಡೂ ಗಾಲಿಗಳ ಹತ್ತಿರ ಕೈ ಹಿಡಿಯಿರಿ, ಮುಟ್ಟಬೇಡಿರಿ. ಕಾವು ಒಂದೇ ಸಮನಾಗಿರಬೇಕು. ಆಮೇಲೆಯೇ ಹೇರು. ನೂರು ಕಿ.ಮೀ. ಓಡಿದೊಳಗೆ ಗಾಲಿಯ ನಟ್ಟುಗಳನ್ನು ಇನ್ನೊಮ್ಮೆ ಬಿಗಿದು ನೋಡಿರಿ.

ಟ್ರ್ಯಾಕ್ಟರ್ ಇರುವವರಿಗೆ ಒಂದು ಮಾತು

ಟ್ರ್ಯಾಕ್ಟರಿನ ಬ್ರೇಕು ಸಾಮಾನ್ಯವಾಗಿ ಈ ಬಗೆಯ ಕ್ಯಾಲಿಪರ್ ಅಲ್ಲ. ಡಿಸ್ಕುಗಳು ಒಳಗಡೆ, ಬಹಳ ಕಡೆ ಎಣ್ಣೆಯಲ್ಲಿಯೇ ಮುಳುಗಿರುತ್ತವೆ. ಕೆಲವು ಟ್ರ್ಯಾಕ್ಟರುಗಳಿಗೆ ಖನಿಜ ಎಣ್ಣೆಯೇ ಬೇಕು, ಅದರಲ್ಲಿ ಡಾಟ್ ದ್ರವ ಹಾಕಿದರೆ ಅಲ್ಲಿನ ರಬ್ಬರ್ ಹಾಳು. ಪುಸ್ತಕ ನೋಡದೆ ಏನನ್ನೂ ಸುರಿಯಬೇಡಿರಿ. ಹೊಲದಿಂದ ರಸ್ತೆಗೆ ಬಂದೊಡನೆ ಎಡ ಬಲ ಪೆಡಲುಗಳನ್ನು ಚಿಲಕ ಹಾಕಿ ಜೋಡಿಸಿರಿ. ಒಂದೇ ಪೆಡಲ್ ಒತ್ತಿದರೆ ಟ್ರೇಲರ್ ಸಹಿತ ಮಗುಚುತ್ತದೆ.

ದಾರಿಯಲ್ಲಿ ಬ್ರೇಕು ಹೋದರೆ

ಎಂಜಿನ್ ಬಂದ್ ಮಾಡಬೇಡಿರಿ. ಪೆಡಲನ್ನು ಬೇಗ ಬೇಗ ಒತ್ತುತ್ತ, ಒಂದೊಂದೇ ಗೇರು ಇಳಿಸುತ್ತ, ಹ್ಯಾಂಡ್ ಬ್ರೇಕನ್ನು ಹಂತಹಂತವಾಗಿ ಎಳೆಯಿರಿ. ಹಾರ್ನ್ ಹೊಡೆಯುತ್ತ ಏರಿನ ಕಡೆಗೋ ಮೆತ್ತನೆಯ ಹೊಲದ ಕಡೆಗೋ ತಿರುಗಿಸಿರಿ. ಗಾಡಿ ನಿಂತು ಆರಿದ ಮೇಲೆ ಪೆಡಲ್ ಗಟ್ಟಿಯಾಯಿತೆಂದು ಮುಂದೆ ಹೊರಡಕೂಡದು.

ಮಳೆಗಾಲ ಮುಗಿದು ಎರೆ ಆರಿದ ಮೇಲೆ, ತೊಗರಿ ರಾಶಿಗೆ ಮುಂಚೆ, ಈ ಕೆಲಸಕ್ಕೆ ತಕ್ಕ ಸಮಯ. ಪ್ರತಿ ವರ್ಷ ಗಾಲಿ ಬಿಚ್ಚಿ ಪ್ಯಾಡು, ಪಿನ್ನು, ರಬ್ಬರ್ ನೋಡಿರಿ. ಎರಡು ವರ್ಷಕ್ಕೊಮ್ಮೆ ದ್ರವ ಬದಲಿಸಿರಿ. ಲಕ್ಷಣ ಕಂಡರೆ ಎರಡೂ ಕಡೆಯ ಕ್ಯಾಲಿಪರಿಗೆ ಹೊಸ ಕಿಟ್ ಹಾಕಿಸಿರಿ. ಬ್ರೇಕಿನ ಡಬ್ಬಿಯ ಮುಚ್ಚಳದ ಮೇಲೆ "ಬೇರೆ ಎಣ್ಣೆ ಹಾಕಬೇಡಿ" ಎಂದು ಬಣ್ಣದಲ್ಲಿ ಬರೆಯಿಸಿರಿ. ಆ ಕಮಲಾಪುರದ ರೈತರು ಈಗ ಹಾಗೆಯೇ ಬರೆಯಿಸಿದ್ದಾರೆ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆ ಬ್ರೇಕಿನ ವಿಷಯದಲ್ಲಿ ಬೇಡ. ಇಲ್ಲಿ ಕೆಟ್ಟ ಮೇಲೆ ಬುದ್ಧಿ ಬರಲು ಎಲ್ಲರೂ ಉಳಿದಿರುವುದಿಲ್ಲ. ವಾಚನಾಲಯದಲ್ಲಿ ಇದನ್ನು ಓದಿದವರು, ಗಾಡಿ ಇದ್ದು ಓದಲು ಬಾರದ ನೆರೆಯವರಿಗೂ ಓದಿ ಹೇಳಿರಿ.